ಕಾಪಿರೈಟ್, ಟ್ರೇಡ್‌ಮಾರ್ಕ್, ಪೇಟೆಂಟ್: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಪುಡಿ ಪ್ಯಾಕೆಟ್ ಮಾಡಿ ಮಾರುವವರು, ಹೋಂಸ್ಟೇ ನಡೆಸುವವರು, ಮದುವೆ ಫೋಟೊ ತೆಗೆಯುವವರು, ತೋಟಕ್ಕೆ ಬೇಕಾದ ಯಂತ್ರವನ್ನು ತಾವೇ ಕಟ್ಟಿಕೊಂಡವರು. ಕೊಡಗಿನಲ್ಲಿ ಈ ಕಾನೂನುಗಳ ಬಗ್ಗೆ ವಿಚಾರಿಸುವವರು ಹೆಚ್ಚಾಗಿ ಇವರೇ. ಪ್ರಶ್ನೆಗಳು ಬೇರೆ ಬೇರೆ, ಆದರೆ ಒಳಗಿರುವ ಗೊಂದಲ ಒಂದೇ: ಇದರಲ್ಲಿ ಊರಿನದ್ದು ಯಾವುದು, ನನ್ನದು ಯಾವುದು?

ಕೊಡಗು ಅನ್ನುವ ಹೆಸರು, ಕಾಚಂಪುಳಿ (ಹಣ್ಣಿನ ರಸ ಕುದಿಸಿ ಮಾಡುವ ಕಪ್ಪು ಹುಳಿ), ವಾಲಗ, ಪೀಚೆಕತ್ತಿ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಕತ್ತಿ), ಇವು ಒಬ್ಬರ ಆಸ್ತಿ ಅಲ್ಲ. ನೀವೇ ಬರೆದದ್ದು, ನೀವೇ ಕಟ್ಟಿದ್ದು, ನೀವೇ ಹೆಸರಿಟ್ಟು ಬೆಳೆಸಿದ್ದು ನಿಮ್ಮದು. ಈ ಗೆರೆ ಗೊತ್ತಿಲ್ಲದೆ ಜನ ಎರಡು ಕಡೆಯಿಂದಲೂ ಕಳೆದುಕೊಳ್ಳುತ್ತಿದ್ದಾರೆ. ಸಿಗದ ಹಕ್ಕಿಗೆ ದುಡ್ಡು ಸುರಿಯುತ್ತಾರೆ, ಕೈಯಲ್ಲೇ ಇರುವ ಹಕ್ಕನ್ನು ಬಿಟ್ಟುಕೊಡುತ್ತಾರೆ. ಇದನ್ನು ನೋಡಿ ಸುಮ್ನೆ ಇರಲಾಗದೆ ಈ ಉತ್ತರಗಳನ್ನು ಬರೆದಿದ್ದೇನೆ. ಶುಲ್ಕಗಳು ಆಗಾಗ ಬದಲಾಗುತ್ತವೆ, ಕಟ್ಟುವ ಮೊದಲು ಒಮ್ಮೆ ನೋಡಿಕೊಳ್ಳಿ. ಕೋರ್ಟಿಗೆ ಹೋಗುವಂಥ ಜಗಳವಿದ್ದರೆ ವಕೀಲರನ್ನೇ ಕಾಣಿ.

ಕಾಪಿರೈಟ್, ಟ್ರೇಡ್‌ಮಾರ್ಕ್, ಪೇಟೆಂಟ್ ಮೂರೂ ಒಂದೇ ಅಲ್ವಾ?

ಅಲ್ಲ. ಒಂದು ಕಾಫಿ ಪುಡಿ ಪ್ಯಾಕೆಟ್ಟನ್ನು ಎದುರಿಗಿಟ್ಟುಕೊಂಡು ನೋಡಿ. ಅದರ ಮೇಲಿನ ಚಿತ್ರ, ಹಿಂದೆ ಬರೆದಿರುವ ನಿಮ್ಮ ತೋಟದ ಕಥೆ, ಇವು ಕಾಪಿರೈಟ್ ಅಡಿ ಬರುತ್ತವೆ. ದೊಡ್ಡ ಅಕ್ಷರದಲ್ಲಿರುವ ಬ್ರ್ಯಾಂಡ್ ಹೆಸರು ಮತ್ತು ಲೋಗೊ ಟ್ರೇಡ್‌ಮಾರ್ಕ್. ಆ ಬೀಜ ಹುರಿಯಲು ನೀವೇ ಹೊಸ ಬಗೆಯ ಯಂತ್ರ ಕಂಡುಹಿಡಿದಿದ್ದರೆ ಅದಕ್ಕೆ ಪೇಟೆಂಟ್. ಪುಡಿಯನ್ನು ವಿಶೇಷ ಆಕಾರದ ಡಬ್ಬಿಯಲ್ಲಿ ತುಂಬಿದ್ದರೆ ಆ ಆಕಾರಕ್ಕೆ ಡಿಸೈನ್ ನೋಂದಣಿ. ಇನ್ನು 'ಕೂರ್ಗ್ ಅರೇಬಿಕಾ' ಅಂತ ಬರೆದಿದ್ದರೆ ಅದು ಜಿಐ ಟ್ಯಾಗ್, ಅಂದರೆ ವಸ್ತು ಯಾವ ಊರಿನದ್ದು ಅಂತ ಗುರುತಿಸುವ ಭೌಗೋಳಿಕ ಸೂಚಕ.

ಕಾನೂನುಗಳೂ ಬೇರೆ ಬೇರೆ. ಕಾಪಿರೈಟ್ ಕಾಯ್ದೆ 1957ರದ್ದು, ಪೇಟೆಂಟ್ 1970ರದ್ದು. ಟ್ರೇಡ್‌ಮಾರ್ಕ್ ಮತ್ತು ಜಿಐ ಕಾಯ್ದೆಗಳು 1999ರವು, ಡಿಸೈನ್ 2000ದ್ದು. ಒಂದರಲ್ಲಿ ಅರ್ಜಿ ಹಾಕಿದರೆ ಇನ್ನೊಂದರ ಹಕ್ಕು ತಾನಾಗಿ ಬರುವುದಿಲ್ಲ.

'ಕೂರ್ಗ್ ಕಾಫಿ' ಅಂತಲೇ ನನ್ನ ಬ್ರ್ಯಾಂಡ್ ರಿಜಿಸ್ಟರ್ ಮಾಡಿಸಬಹುದಾ?

ಬರೀ ಆ ಎರಡು ಪದಗಳಿಗೆ ಸಿಗುವುದು ತೀರಾ ಕಷ್ಟ. ವಸ್ತು ಏನು, ಎಲ್ಲಿಂದ ಬಂತು ಅಂತ ಮಾತ್ರ ಹೇಳುವ ಹೆಸರನ್ನು ಟ್ರೇಡ್‌ಮಾರ್ಕ್ ಕಾಯ್ದೆಯ ಕಲಂ 9 ತಡೆಯುತ್ತದೆ. ಇದು ಸರಿಯಾದದ್ದೇ ಅಂತ ನನ್ನ ಅಭಿಪ್ರಾಯ. ನಾಪೋಕ್ಲಿನ ಬೆಳೆಗಾರರಿಗೂ ಸುಂಟಿಕೊಪ್ಪದ ಬೆಳೆಗಾರರಿಗೂ ತಮ್ಮ ಕಾಫಿಯನ್ನು ಕೊಡಗಿನ ಕಾಫಿ ಅಂತ ಕರೆಯುವ ಹಕ್ಕು ಇರಬೇಕು. ಒಬ್ಬರು ಅದನ್ನು ಬೇಲಿ ಹಾಕಿಕೊಂಡರೆ ಉಳಿದವರು ಏನು ಮಾಡಬೇಕು?

ಹಾಗಂತ ಕೂರ್ಗ್ ಅನ್ನುವ ಪದ ಹೆಸರಿನಲ್ಲಿ ಇರಲೇಬಾರದು ಅಂತಲ್ಲ. ಜೊತೆಗೆ ಬೇರೆ ಯಾರಲ್ಲೂ ಇಲ್ಲದ ಒಂದು ಪದವೋ ಚಿತ್ರವೋ ಇದ್ದರೆ ಒಟ್ಟಾರೆ ಗುರುತಿಗೆ ನೋಂದಣಿ ಸಿಗಬಹುದು. ಆಗಲೂ 'ಕೂರ್ಗ್' ಪದದ ಮೇಲೆ ಪ್ರತ್ಯೇಕ ಹಕ್ಕಿಲ್ಲ ಅಂತ ಷರತ್ತು ಬೀಳಬಹುದು. ನಾನು ಕೊಡುವ ಸಲಹೆ ಇಷ್ಟೇ: ಹೆಸರಿನ ಜೀವ ಕೂರ್ಗ್ ಅನ್ನುವ ಪದದಲ್ಲಿ ಇರಬಾರದು. ತೋಟದ ತೊರೆಗೆ ಮನೆಯವರು ಕರೆಯುವ ಹೆಸರೋ, ಹೊಸದಾಗಿ ಕಟ್ಟಿದ ಪದವೋ ಇರಲಿ. ಮಡಿಕೇರಿಯ ಅಂಗಡಿ ಸಾಲಿನಲ್ಲಿ ಒಮ್ಮೆ ನಡೆದು ಬನ್ನಿ. ಕೂರ್ಗ್ ಸ್ಪೈಸಸ್, ಕೂರ್ಗ್ ಹನಿ, ಕೂರ್ಗ್ ಚಾಕೊಲೇಟ್ ಅಂತ ಬೋರ್ಡುಗಳೇ ತುಂಬಿವೆ. ಗಿರಾಕಿಗೆ ಮನೆಗೆ ಹೋದ ಮೇಲೆ ಯಾವ ಅಂಗಡಿಯಿಂದ ತಂದದ್ದು ಅಂತಲೇ ನೆನಪಿರುವುದಿಲ್ಲ.

ಕೊಡಗಿನ ಕಾಫಿಗೆ ಜಿಐ ಇದೆಯಲ್ಲ, ಅದನ್ನು ನಾನು ಹಾಕಿಕೊಳ್ಳಬಹುದಾ?

ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಜಿಐ ಸಿಕ್ಕಿತು. ಅದೇ ಸಮಯಕ್ಕೆ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ವಯನಾಡ್ ರೊಬಸ್ಟಾ, ಅರಕು ಅರೇಬಿಕಾಗಳಿಗೂ ಸಿಕ್ಕಿತು. ಕೊಡಗಿನ ಕಿತ್ತಳೆಗೂ ಕೂರ್ಗ್ ಹಸಿರು ಏಲಕ್ಕಿಗೂ ಜಿಐ ಇದೆ.

ಗಮನಿಸಿ, ಕಾಫಿಯ ಜಿಐ ಇರುವುದು ಅರೇಬಿಕಾಕ್ಕೆ. ನಮ್ಮಲ್ಲಿ ರೊಬಸ್ಟಾ ಬೆಳೆಯುವವರೇ ಜಾಸ್ತಿ. ರೊಬಸ್ಟಾ ಪ್ಯಾಕೆಟ್ ಮೇಲೆ ಜಿಐ ಚಿಹ್ನೆ ಅಂಟಿಸುವಂತಿಲ್ಲ. ಬೇರೆ ಜಿಲ್ಲೆಯ ಬೀಜ ತಂದು ಇಲ್ಲಿ ಹುರಿದು ಪುಡಿ ಮಾಡಿದ್ದಕ್ಕೂ ಇಲ್ಲ. ಅರೇಬಿಕಾ ಬೆಳೆಗಾರರೂ ಸುಮ್ನೆ ಹಾಕಿಕೊಳ್ಳುವ ಹಾಗಿಲ್ಲ. ಚೆನ್ನೈಯಲ್ಲಿರುವ ಜಿಐ ರಿಜಿಸ್ಟ್ರಿಯಲ್ಲಿ ಅಧಿಕೃತ ಬಳಕೆದಾರ ಅಂತ ಹೆಸರು ಸೇರಿಸಿಕೊಳ್ಳಬೇಕು. ಇದಕ್ಕೆ ಕಾಫಿ ಬೋರ್ಡಿನ ಕಚೇರಿಯಲ್ಲಿ ವಿಚಾರಿಸಿ. ಸುಳ್ಳಾಗಿ ಜಿಐ ಬಳಸಿದರೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, ₹50,000ದಿಂದ ₹2 ಲಕ್ಷದವರೆಗೆ ದಂಡ.

ಜಿಐ ಹಕ್ಕನ್ನು ಮಾರಲಾಗದು, ಅಡವಿಡಲಾಗದು, ಬೇರೆಯವರಿಗೆ ಬರೆದುಕೊಡಲಾಗದು. ಅದು ಇಡೀ ಬೆಳೆಗಾರ ಸಮುದಾಯದ್ದು. ಅದಕ್ಕೇ ನನಗೆ ಈ ಕಾನೂನಿನ ಮೇಲೆ ವಿಶೇಷ ಪ್ರೀತಿ. ಟ್ಯಾಗ್ ಬಂದಿದೆ ಅಂತ ಹೆಮ್ಮೆ ಪಡುತ್ತೇವೆ, ಆದರೆ ಬಳಕೆದಾರರಾಗಿ ಹೆಸರು ಸೇರಿಸಿಕೊಳ್ಳುವ ಕೆಲಸವನ್ನು ಮಾತ್ರ ಮುಂದಕ್ಕೆ ಹಾಕುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ.

ನಮ್ಮ ಒಕ್ಕದ (ಕೊಡವ ಮನೆತನದ) ಹೆಸರಲ್ಲಿ ಮಸಾಲೆ ಮಾರುತ್ತಿದ್ದೇನೆ. ಅದೇ ಒಕ್ಕದ ಇನ್ನೊಬ್ಬರು ಅದೇ ಹೆಸರಲ್ಲಿ ಶುರು ಮಾಡಿದರೆ?

ಇದು ಕೊಡಗಿನಲ್ಲಿ ಹುಟ್ಟುವ ಪ್ರಶ್ನೆ. ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮನೆಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು ಅಡ್ಡಿಯಿಲ್ಲ. ಮೊದಲು ಬಳಸಿದವರು, ಮೊದಲು ಅರ್ಜಿ ಹಾಕಿದವರು ಮುಂದಿರುತ್ತಾರೆ. ಆದರೆ ಒಬ್ಬ ಮನುಷ್ಯ ತನ್ನ ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸುವುದನ್ನು ಟ್ರೇಡ್‌ಮಾರ್ಕ್ ಇದ್ದವರೂ ತಡೆಯುವಂತಿಲ್ಲ ಅಂತ ಕಲಂ 35 ಹೇಳುತ್ತದೆ. ಇಲ್ಲಿ ತೂಕವಿರುವುದು 'ಪ್ರಾಮಾಣಿಕವಾಗಿ' ಅನ್ನುವ ಪದಕ್ಕೆ. ನಿಮ್ಮ ಚಿಕ್ಕಪ್ಪನ ಮಗ ತನ್ನ ಪೂರ್ತಿ ಹೆಸರು, ತನ್ನ ಊರು, ಬೇರೆ ಬಣ್ಣದ ಲೇಬಲ್ ಹಾಕಿ ಮಾರಿದರೆ ನೀವು ಹೆಚ್ಚೇನೂ ಮಾಡಲಾಗದು. ಅದೇ ಅವನು ಬರೀ ಒಕ್ಕದ ಹೆಸರನ್ನು ನಿಮ್ಮ ಅಕ್ಷರದ ಶೈಲಿಯಲ್ಲೇ, ನಿಮ್ಮ ಪ್ಯಾಕೆಟ್ಟಿನ ಬಣ್ಣದಲ್ಲೇ ಅಚ್ಚು ಹಾಕಿಸಿದರೆ ಅದು ನಿಮ್ಮ ಗಿರಾಕಿಗಳನ್ನು ದಾರಿ ತಪ್ಪಿಸುವ ಕೆಲಸ. ಅಲ್ಲಿ ಕಾನೂನು ನಿಮ್ಮ ಪರ ನಿಲ್ಲುತ್ತದೆ.

ಒಂದೇ ಒಕ್ಕದಲ್ಲಿ ಎಷ್ಟೋ ಮನೆಗಳಿರುತ್ತವೆ. ಎಲ್ಲರಿಗೂ ಆ ಹೆಸರು ಹುಟ್ಟಿನಿಂದ ಬಂದದ್ದು. ಹಾಗಾಗಿ ಅರ್ಜಿ ಹಾಕುವ ಮೊದಲೇ ಒಕ್ಕದ ಹಿರಿಯರಾದ ಪಟ್ಟೆದಾರರ ಮುಂದೆ ಕೂತು ಮಾತಾಡಿ ಒಂದು ಕಾಗದ ಮಾಡಿಕೊಳ್ಳಿ. ಯಾರು ಯಾವ ವಸ್ತುವಿಗೆ ಬಳಸುವುದು, ಜೊತೆಗೆ ತೋಟದ ಹೆಸರು ಸೇರಿಸಬೇಕೋ ಬೇಡವೋ ಅಂತ ಬರೆದಿಡಿ. ಲೇಬಲ್ ಮೇಲೆ ಒಕ್ಕದ ಮೂಲಮನೆಯಾದ ಐನ್‌ಮನೆಯ ಚಿತ್ರ ಹಾಕುವ ಆಸೆ ಇದ್ದರೆ ಅದನ್ನೂ ಅಲ್ಲೇ ಕೇಳಿ. ಕಾನೂನು ಕೇಳದಿದ್ದರೂ ಐನ್‌ಮನೆ ಎಲ್ಲರಿಗೂ ಸೇರಿದ್ದು. ಹುತ್ತರಿಗೆ ಎಲ್ಲರೂ ಒಟ್ಟಿಗೆ ಅಲ್ಲಿಗೇ ಬರಬೇಕಲ್ಲ.

ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐ ಎರಡೂ ಇದೆ. ಮತ್ತೆ ಟ್ರೇಡ್‌ಮಾರ್ಕ್ ಯಾಕೆ?

ಜಿಎಸ್‌ಟಿ ತೆರಿಗೆಗೆ, ಎಫ್‌ಎಸ್‌ಎಸ್‌ಎಐ ಆಹಾರದ ಸುರಕ್ಷತೆಗೆ, ಪಂಚಾಯಿತಿ ಲೈಸೆನ್ಸ್ ಅಂಗಡಿ ತೆರೆಯಲು. ಇವು ಯಾವುವೂ ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ. ಕಂಪನಿ ರಿಜಿಸ್ಟರ್ ಮಾಡಿಸಿದರೂ ಅಷ್ಟೇ.

ಉಲ್ಟಾ ಕೂಡ ನಿಜ. ಮನೆಯಲ್ಲಿ ಮಾಡಿದ ವೈನಿಗೆ ಟ್ರೇಡ್‌ಮಾರ್ಕ್ ಸಿಕ್ಕರೆ ಮಾರಲು ಅನುಮತಿ ಸಿಕ್ಕಂತಲ್ಲ. ಅದು ಅಬಕಾರಿ ಇಲಾಖೆಯ ವಿಷಯ.

ಟ್ರೇಡ್‌ಮಾರ್ಕಿಗೆ ಎಷ್ಟು ಖರ್ಚು? ಎಷ್ಟು ದಿನ?

ಒಬ್ಬ ವ್ಯಕ್ತಿಗೆ ಅಥವಾ ಉದ್ಯಮ್ ಸರ್ಟಿಫಿಕೇಟ್ ಇರುವ ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿಯ ಸರ್ಕಾರಿ ಶುಲ್ಕ ₹4,500. ದೊಡ್ಡ ಕಂಪನಿಗಳಿಗೆ ₹9,000. ಇದು ಒಂದು ವರ್ಗಕ್ಕೆ. ವಸ್ತು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಕಾಫಿ ಪುಡಿ, ಮಸಾಲೆ, ಜೇನು 30ನೇ ವರ್ಗ. ಹೋಂಸ್ಟೇ 43ನೇ ವರ್ಗ. ಒಂದೇ ಹೆಸರಲ್ಲಿ ಕಾಫಿಯನ್ನೂ ಮಾರಿ ಹೋಂಸ್ಟೇಯನ್ನೂ ನಡೆಸಿದರೆ ಎರಡು ಶುಲ್ಕ.

ಮೊದಲು ಮಾಡಬೇಕಾದದ್ದು ಹುಡುಕಾಟ. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಹುಡುಕಬಹುದು. ಉಚ್ಚಾರ ಹತ್ತಿರವಿರುವ ಹೆಸರುಗಳನ್ನೂ ನೋಡಿ, ಸ್ಪೆಲಿಂಗ್ ಬೇರೆ ಅಂತ ಸಮಾಧಾನ ಪಡಬೇಡಿ. ಅರ್ಜಿ ಹಾಕಿದ ಮೇಲೆ ಅಧಿಕಾರಿಗಳು ಪರಿಶೀಲಿಸುತ್ತಾರೆ. ಆಕ್ಷೇಪ ಬಂದರೆ ಉತ್ತರ ಕೊಡಲು ಒಂದು ತಿಂಗಳು ಸಿಗುತ್ತದೆ. ಈ ಉತ್ತರ ಕೊಡದೆ ಬಿಟ್ಟು ಅರ್ಜಿ ಕಳೆದುಕೊಂಡವರು ಬಹಳ ಮಂದಿ. ಇಮೇಲ್ ನೋಡುವ ಅಭ್ಯಾಸ ಇಲ್ಲದಿದ್ದರೆ ಮನೆಯಲ್ಲಿ ನೋಡುವವರೊಬ್ಬರ ವಿಳಾಸ ಕೊಡಿ. ಒಪ್ಪಿಗೆಯಾದರೆ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ, 4 ತಿಂಗಳೊಳಗೆ ಯಾರೂ ವಿರೋಧಿಸದಿದ್ದರೆ ನೋಂದಣಿ. ಹಕ್ಕು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. 10 ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋದರೆ ಕೊನೆಯೇ ಇಲ್ಲ.

ಹೆಸರಿನ ಪಕ್ಕ ಟಿಎಂ ಅಂತ ಯಾರು ಬೇಕಾದರೂ ಹಾಕಿಕೊಳ್ಳಬಹುದು. ವೃತ್ತದೊಳಗಿನ ಆರ್ ಚಿಹ್ನೆ ಮಾತ್ರ ನೋಂದಣಿ ಆದ ಮೇಲೆಯೇ. ಅದಕ್ಕೆ ಮೊದಲು ಹಾಕಿದರೆ ಕಾನೂನು ಪ್ರಕಾರ ತಪ್ಪು.

ರಿಜಿಸ್ಟರ್ ಮಾಡಿಸಿರಲಿಲ್ಲ. ಈಗ ಬೆಂಗಳೂರಿನವರೊಬ್ಬರು ನನ್ನ ಹೆಸರು ಕದ್ದಿದ್ದಾರೆ. ಎಲ್ಲ ಮುಗಿಯಿತಾ?

ಮುಗಿದಿಲ್ಲ. ನೋಂದಣಿ ಇಲ್ಲದಿದ್ದರೂ ನೀವು ಮೊದಲಿನಿಂದ ಬಳಸುತ್ತಿದ್ದು, ಜನ ಆ ಹೆಸರನ್ನು ನಿಮ್ಮದು ಅಂತ ಗುರುತಿಸುತ್ತಿದ್ದರೆ ದಾವೆ ಹೂಡಬಹುದು. ಅವರು ರಿಜಿಸ್ಟರ್ ಮಾಡಿಸಿಕೊಂಡಿದ್ದರೂ ಅವರಿಗಿಂತ ಮೊದಲೇ ಬಳಸಿದವರ ಹಕ್ಕನ್ನು ಕಲಂ 34 ಕಾಪಾಡುತ್ತದೆ. ಆದರೆ ಸಾಕ್ಷಿ ಬೇಕು. ಹಳೆಯ ಬಿಲ್ ಪುಸ್ತಕ, ಪ್ರಿಂಟಿಂಗ್ ಪ್ರೆಸ್‌ನಲ್ಲಿ ಲೇಬಲ್ ಅಚ್ಚು ಹಾಕಿಸಿದ ರಸೀದಿ, ಸ್ಥಳೀಯ ಪತ್ರಿಕೆಯಲ್ಲಿ ಕೊಟ್ಟ ಜಾಹೀರಾತು, ತಾರೀಕು ಕಾಣುವ ಫೋಟೊ. ನಮ್ಮಲ್ಲಿ ನಗದು ವ್ಯಾಪಾರ ಜಾಸ್ತಿ, ಬಿಲ್ ಕಡಿಮೆ. ಹಕ್ಕು ಕೈ ತಪ್ಪುವುದು ಹೆಚ್ಚಾಗಿ ಇಲ್ಲೇ.

ಮದುವೆ ಫೋಟೊಗಳ ಕಾಪಿರೈಟ್ ಯಾರದ್ದು? ಫೋಟೊಗ್ರಾಫರದ್ದಾ, ನಮ್ಮದಾ?

ಉತ್ತರ ಕೇಳಿ ಫೋಟೊಗ್ರಾಫರುಗಳಿಗೇ ಆಶ್ಚರ್ಯವಾಗುತ್ತದೆ. ಸಾಮಾನ್ಯವಾಗಿ ತೆಗೆದವರದ್ದೇ ಹಕ್ಕು. ಆದರೆ ಒಬ್ಬರು ದುಡ್ಡು ಕೊಟ್ಟು, ತಾವೇ ಹೇಳಿ ಫೋಟೊ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಕಾಪಿರೈಟಿನ ಮೊದಲ ಒಡೆಯರು ತೆಗೆಸಿದವರೇ. ಇದು ಕಾಪಿರೈಟ್ ಕಾಯ್ದೆಯ ಕಲಂ 17.

ಹಾಗಾಗಿ ಮದುಮಗಳು ಕೊಡವ ಸೀರೆಯಲ್ಲಿ ಗಂಗಾಪೂಜೆಗೆ ಕೊಡ ಹೊತ್ತು ನಿಂತ ಆ ಚಂದದ ಚಿತ್ರವನ್ನು ಫೋಟೊಗ್ರಾಫರು ರೆಸಾರ್ಟಿನ ಜಾಹೀರಾತಿಗೆ ಮಾರುವಂತಿಲ್ಲ. ತಮ್ಮ ಇನ್‌ಸ್ಟಾಗ್ರಾಂನಲ್ಲಿ ಹಾಕಿಕೊಳ್ಳಲೂ ಮನೆಯವರನ್ನು ಕೇಳಬೇಕು. ಫೋಟೊಗ್ರಾಫರುಗಳೇ, ನಿಮ್ಮ ಕೆಲಸ ತೋರಿಸಲು ಚಿತ್ರ ಬೇಕಲ್ವಾ? ಅಡ್ವಾನ್ಸ್ ತೆಗೆದುಕೊಳ್ಳುವ ದಿನವೇ ರಸೀದಿಯಲ್ಲಿ ಎರಡು ಸಾಲು ಬರೆದು ಸಹಿ ಹಾಕಿಸಿಕೊಳ್ಳಿ. ಯಾವ ಚಿತ್ರ, ಎಲ್ಲಿ ಬಳಸುತ್ತೀರಿ, ಅಷ್ಟು ಸಾಕು. ಇನ್ನು ರಾ ಫೈಲ್ ಕೊಡಬೇಕಾ ಬೇಡವಾ ಅನ್ನುವುದು ಪೂರ್ತಿ ಒಪ್ಪಂದದ ವಿಷಯ. ಅದನ್ನೂ ಅಲ್ಲೇ ಬರೆಯಿರಿ. ಕಾಪಿರೈಟ್ ಮನೆಯವರದ್ದಾದರೂ, ಈ ಚಿತ್ರ ತೆಗೆದದ್ದು ನಾನು ಅಂತ ಹೇಳಿಕೊಳ್ಳುವ ಹಕ್ಕು ಯಾವತ್ತೂ ತೆಗೆದವರದ್ದೇ.

ತಲಕಾವೇರಿ ಅಥವಾ ರಾಜಾಸೀಟಿನ ಸೂರ್ಯಾಸ್ತವನ್ನು ನಿಮ್ಮಷ್ಟಕ್ಕೆ ನೀವೇ ತೆಗೆದಿದ್ದರೆ ಅದು ನಿಮ್ಮದು. ಪಕ್ಕದಲ್ಲಿ ನಿಂತು ಅದೇ ದೃಶ್ಯ ತೆಗೆದವರ ಚಿತ್ರ ಅವರದ್ದು.

ನಮ್ಮ ಹೋಂಸ್ಟೇ ಫೋಟೊವನ್ನು ಬೇರೆ ಹೋಂಸ್ಟೇಯವರು ಹಾಕಿಕೊಂಡಿದ್ದಾರೆ. ಏನು ಮಾಡಲಿ?

ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ, ವಿಳಾಸ ಮತ್ತು ತಾರೀಕು ಕಾಣುವ ಹಾಗೆ. ನಿಮ್ಮ ಮೂಲ ಫೈಲ್ ಫೋನಲ್ಲೋ ಕ್ಯಾಮೆರಾದಲ್ಲೋ ಇರಲಿ, ಅಳಿಸಬೇಡಿ. ಆಮೇಲೆ ಅವರಿಗೊಂದು ಫೋನ್ ಮಾಡಿ. ಕೊಡಗು ಚಿಕ್ಕ ಜಿಲ್ಲೆ, ಪರಿಚಯದವರೇ ಇರುತ್ತಾರೆ. ಬಹಳಷ್ಟು ಸಲ ವೆಬ್‌ಸೈಟ್ ಮಾಡಿಕೊಟ್ಟ ಹುಡುಗರು ಗೂಗಲ್‌ನಿಂದ ಎತ್ತಿ ಹಾಕಿರುತ್ತಾರೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ.

ಕೇಳಲಿಲ್ಲ ಅಂದರೆ ಆ ಬುಕಿಂಗ್ ಸೈಟಿಗೆ ಲಿಖಿತ ದೂರು ಕೊಡಿ. ದೂರು ಸರಿಯಾಗಿದ್ದರೆ 36 ಗಂಟೆಯೊಳಗೆ ಚಿತ್ರ ತೆಗೆಯಬೇಕು ಅಂತ 2013ರ ಕಾಪಿರೈಟ್ ನಿಯಮ ಹೇಳುತ್ತದೆ. ಆದರೆ 21 ದಿನದೊಳಗೆ ನೀವು ಕೋರ್ಟ್ ಆದೇಶ ತರದಿದ್ದರೆ ಸೈಟಿನವರು ಮತ್ತೆ ಹಾಕಬಹುದು. ಕೋರ್ಟಿಗೇ ಹೋಗಬೇಕಾಗಿ ಬಂದರೂ ಎದುರಾಳಿಯ ಊರಿಗೆ ಅಲೆಯಬೇಕಿಲ್ಲ. ಕಾಪಿರೈಟ್ ಮತ್ತು ನೋಂದಾಯಿತ ಟ್ರೇಡ್‌ಮಾರ್ಕ್ ದಾವೆಗಳನ್ನು ನೀವು ವಾಸವಿರುವ, ವ್ಯಾಪಾರ ಮಾಡುವ ಜಿಲ್ಲೆಯಲ್ಲೇ ಹಾಕಲು ಕಾನೂನು ಅವಕಾಶ ಕೊಟ್ಟಿದೆ.

ಕಾಪಿರೈಟ್ ರಿಜಿಸ್ಟರ್ ಮಾಡಿಸಲೇಬೇಕಾ?

ಬೇಕಿಲ್ಲ. ಬರೆದ, ತೆಗೆದ, ರಚಿಸಿದ ಕ್ಷಣದಿಂದಲೇ ಹಕ್ಕು ಇರುತ್ತದೆ. ನೋಂದಣಿ ಒಂದು ಗಟ್ಟಿ ಸಾಕ್ಷಿ, ಅಷ್ಟೇ. ಪುಸ್ತಕ, ಕವನ, ಸಾಮಾನ್ಯ ಚಿತ್ರಕ್ಕೆ ₹500. ವಸ್ತುಗಳ ಮೇಲೆ ಬಳಸುವ ಲೇಬಲ್‌ನಂಥ ಚಿತ್ರಕ್ಕೆ ₹2,000, ಅದಕ್ಕೆ ಟ್ರೇಡ್‌ಮಾರ್ಕ್ ಕಚೇರಿಯ ಸರ್ಟಿಫಿಕೇಟ್ ಕೂಡ ಬೇಕು. ತನಗೆ ತಾನೇ ರಿಜಿಸ್ಟರ್ಡ್ ಪೋಸ್ಟ್ ಕಳಿಸಿಕೊಂಡು ಲಕೋಟೆ ಒಡೆಯದೆ ಇಟ್ಟರೆ ಕಾಪಿರೈಟ್ ಆಗುತ್ತದೆ ಅಂತ ಒಂದು ನಂಬಿಕೆ ಇದೆ. ಹಾಗೇನೂ ಇಲ್ಲ.

ಲೋಗೊ ಮಾಡಿಸಿ ದುಡ್ಡು ಕೊಟ್ಟಿದ್ದೇನೆ. ಅದು ನನ್ನದೇ ತಾನೇ?

ಬರೆದುಕೊಟ್ಟಿದ್ದಾರಾ? ಇಲ್ಲದಿದ್ದರೆ ಮುಂದೆ ಜಗಳ ಬರಬಹುದು. ಹೊರಗಿನ ಡಿಸೈನರು ಮಾಡಿದ ಲೋಗೊದ ಕಾಪಿರೈಟ್ ಬರೆದುಕೊಡುವವರೆಗೆ ಸಾಮಾನ್ಯವಾಗಿ ಅವರಲ್ಲೇ ಉಳಿಯುತ್ತದೆ. ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯಾದ ಹಾಕಿ ಹಬ್ಬಕ್ಕೆ ಲೋಗೊ ಮಾಡಿಸುವವರೂ ಇದನ್ನು ನೆನಪಿಡಬೇಕು, ಟಿ-ಶರ್ಟ್ ಮೇಲೆಲ್ಲ ಅದೇ ಹೋಗುತ್ತದೆ. ಕಾಗದದಲ್ಲಿ ಯಾವ ಲೋಗೊ, ಎಷ್ಟು ಹಣ, ಎಷ್ಟು ವರ್ಷಕ್ಕೆ, ಎಲ್ಲೆಲ್ಲಿ ಬಳಸಲು ಅಂತ ಸ್ಪಷ್ಟವಾಗಿ ಇರಲಿ. ವರ್ಷ ಬರೆಯದಿದ್ದರೆ 5 ವರ್ಷ ಮಾತ್ರ ಅಂತಲೂ, ಜಾಗ ಬರೆಯದಿದ್ದರೆ ಭಾರತದೊಳಗೆ ಮಾತ್ರ ಅಂತಲೂ ಕಾನೂನು ಹಿಡಿಯುತ್ತದೆ.

ಹೋಂಸ್ಟೇಯಲ್ಲಿ ಸಿನಿಮಾ ಹಾಡು ಹಾಕಿದರೆ ಲೈಸೆನ್ಸ್ ಬೇಕಾ? ಮದುವೆಗೆ?

ಮದುವೆಗೆ ಬೇಡ. ಧಾರ್ಮಿಕ ಸಮಾರಂಭ, ಮದುವೆ ಮೆರವಣಿಗೆ ಮತ್ತು ಮದುವೆಗೆ ಸೇರಿದ ಇತರ ಸಂಭ್ರಮಗಳಿಗೆ ಕಾಪಿರೈಟ್ ಕಾಯ್ದೆಯ ಕಲಂ 52ರಲ್ಲಿ ವಿನಾಯಿತಿ ಇದೆ. ಶಾಲಾ ವಾರ್ಷಿಕೋತ್ಸವದಲ್ಲಿ ಮಕ್ಕಳು ಹಾಡಿ ಕುಣಿದು, ನೋಡುವವರು ಪೋಷಕರು, ಶಿಕ್ಷಕರು, ವಿದ್ಯಾರ್ಥಿಗಳು ಮಾತ್ರ ಆಗಿದ್ದರೆ ಅದಕ್ಕೂ ಇದೆ. ಟಿಕೆಟ್ ಇಲ್ಲದೆ ಊರಿನ ಯುವಕ ಸಂಘ ನಾಟಕ ಆಡಿದರೂ ಅಡ್ಡಿಯಿಲ್ಲ.

ಹೋಂಸ್ಟೇ, ರೆಸಾರ್ಟು ಬೇರೆ. ಅಲ್ಲಿ ಕ್ಯಾಂಪ್‌ಫೈರ್ ಪಕ್ಕ ಸ್ಪೀಕರ್ ಇಟ್ಟು ಅತಿಥಿಗಳಿಗೆ ಹಾಡು ಹಾಕುವುದು ವ್ಯಾಪಾರದ ಭಾಗ. ಮನೆಗಳ ವಠಾರಕ್ಕಿರುವ ವಿನಾಯಿತಿ ಹೋಟೆಲ್ ಮತ್ತು ಅಂಥ ಜಾಗಗಳಿಗೆ ಇಲ್ಲ ಅಂತ ಕಾಯ್ದೆಯಲ್ಲೇ ಇದೆ. ಸಾಹಿತ್ಯ ಮತ್ತು ಸಂಗೀತಕ್ಕೆ ಐಪಿಆರ್‌ಎಸ್, ಧ್ವನಿಮುದ್ರಣಕ್ಕೆ ಪಿಪಿಎಲ್‌ನಂಥ ಸಂಸ್ಥೆಗಳು ಲೈಸೆನ್ಸ್ ಕೊಡುತ್ತವೆ. ಯಾರಾದರೂ ಬಂದು ದುಡ್ಡು ಕೇಳಿದರೆ ಹೆದರಿ ಕೊಡಬೇಡಿ. ಯಾವ ಹಾಡುಗಳ ಮೇಲೆ ನಿಮಗೆ ಹಕ್ಕಿದೆ, ಕಾಗದ ತೋರಿಸಿ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು.

ನಮ್ಮ ಜನಪದ ಹಾಡುಗಳನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಬಹುದಾ? ಹಳೆಯ ಪುಸ್ತಕ ಮತ್ತೆ ಅಚ್ಚು ಹಾಕಿಸಬಹುದಾ?

ಲೇಖಕರು ತೀರಿಕೊಂಡ ಮೇಲೆ 60 ವರ್ಷದವರೆಗೆ ಕಾಪಿರೈಟ್ ಇರುತ್ತದೆ, ಆಮೇಲೆ ಕೃತಿ ಎಲ್ಲರದ್ದು. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನೂ ಪದ್ಧತಿಗಳನ್ನೂ ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಅನ್ನುವ ಪುಸ್ತಕ ತಂದರು. ಅವರು ತೀರಿಕೊಂಡದ್ದು 1931ರಲ್ಲಿ. ಮಡಿಕೇರಿಯಲ್ಲಿ ಮೇಷ್ಟರಾಗಿದ್ದು, ಕೊಡಗನ್ನು ಕೊಂಡಾಡಿ ಹುತ್ತರಿ ಹಾಡು ಬರೆದ ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ. ಈ ಮೂಲ ಕೃತಿಗಳ ಅವಧಿ ಮುಗಿದು ಬಹಳ ಕಾಲವಾಯಿತು. ಅಚ್ಚು ಹಾಕಿ, ಹಾಡಿ, ಮಕ್ಕಳಿಗೆ ಕಲಿಸಿ. ಆದರೆ ಅದೇ ಕೃತಿಗೆ ಈಚೆಗೆ ಯಾರಾದರೂ ಮಾಡಿದ ಅನುವಾದ, ಬರೆದ ಮುನ್ನುಡಿ, ಹೊಸದಾಗಿ ಕೂಡಿಸಿದ ರಾಗ, ಇವಕ್ಕೆ ಅವರವರ ಹಕ್ಕು ಬೇರೆಯಾಗಿ ಇರುತ್ತದೆ.

ಹಾಡುವವರನ್ನು ಮರೆಯಬೇಡಿ. ನಾಲ್ಕು ಜನ ದುಡಿ (ಚಿಕ್ಕ ಚರ್ಮವಾದ್ಯ) ಹಿಡಿದು, ಇಬ್ಬರ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾ 'ಬಾಳೋ ಬಾಳೋ' ಅಂತ ಹಾಡುವಾಗ, ಆ ಹಾಡು ಯಾರ ಸ್ವತ್ತೂ ಅಲ್ಲ. ಅವರು ಹಾಡಿದ ಆ ಪ್ರದರ್ಶನ ಮಾತ್ರ ಅವರದ್ದು. ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ. ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಕೇಳಿ, ಹೆಸರು ಹಾಕಿ, ದುಡ್ಡು ಬಂದರೆ ಪಾಲು ಕೊಡಿ. ಯರವರ, ಕುರುಬರ ಹಾಡುಗಾರರನ್ನು ಕೂರಿಸಿ ಹಾಡಿಸಿ, ವಿಡಿಯೊ ಕೆಳಗೆ ಒಂದು ಹೆಸರೂ ಹಾಕದೆ ಬಿಡುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಪಂದಿಕರಿಯ (ಹಂದಿ ಮಾಂಸದ ಅಡುಗೆ) ರೆಸಿಪಿಗೆ ಕಾಪಿರೈಟ್ ಸಿಗುತ್ತಾ?

ಸಾಮಾನುಗಳ ಪಟ್ಟಿಗೆ, ಮಾಡುವ ವಿಧಾನಕ್ಕೆ ಸಿಗುವುದಿಲ್ಲ. ಅದನ್ನು ನೀವು ನಿಮ್ಮ ಮಾತಿನಲ್ಲಿ ಬರೆದ ಬರಹಕ್ಕೆ, ತೆಗೆದ ಚಿತ್ರಕ್ಕೆ, ಮಾಡಿದ ವಿಡಿಯೊಕ್ಕೆ ಸಿಗುತ್ತದೆ. ನಿಮ್ಮ ಮಸಾಲೆಯ ಅಳತೆ ನಿಜಕ್ಕೂ ವಿಶೇಷವಾಗಿದ್ದರೆ ಗುಟ್ಟಾಗಿಡುವುದೇ ದಾರಿ. ಹುರಿಯಲು, ಪುಡಿ ಮಾಡಲು ಬರುವವರ ಜೊತೆ ಹೊರಗೆ ಹೇಳುವುದಿಲ್ಲ ಅಂತ ಒಪ್ಪಂದ ಮಾಡಿಕೊಳ್ಳಿ.

ಕಾಲೇಜಿನಲ್ಲಿ ಪುಸ್ತಕ ಜೆರಾಕ್ಸ್ ಮಾಡಿಸುವುದು ತಪ್ಪಾ?

ಪಾಠಕ್ಕೆ ಬೇಕಾದ ಭಾಗಗಳನ್ನು ಜೆರಾಕ್ಸ್ ಮಾಡಿ ಕೊಡಬಹುದು ಅಂತ ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿದೆ. ಆದರೆ ಪೂರ್ತಿ ಪುಸ್ತಕದ ಪಿಡಿಎಫ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕುವುದು ತಪ್ಪು. ಸ್ಥಳೀಯ ಪತ್ರಿಕೆಯನ್ನು ದಿನಾ ಬೆಳಿಗ್ಗೆ ಹಾಗೆ ಹಂಚುವುದೂ ಅಷ್ಟೇ.

ಮೆಣಸು ಬಿಡಿಸುವ ಯಂತ್ರವನ್ನು ನಾನೇ ಸುಧಾರಿಸಿದ್ದೇನೆ. ಪೇಟೆಂಟ್ ಸಿಗುತ್ತಾ?

ಮೊದಲು ಒಂದು ಮಾತು. ಅದರ ವಿಡಿಯೊ ಯಾರಿಗೂ ಕಳಿಸಬೇಡಿ, ಕೃಷಿ ಮೇಳಕ್ಕೆ ಒಯ್ಯಬೇಡಿ, ಮಾರಬೇಡಿ. ಅರ್ಜಿಗಿಂತ ಮೊದಲೇ ಸಂಗತಿ ಬಹಿರಂಗವಾದರೆ ಅದು ಹೊಸದಲ್ಲ ಅಂತ ಅರ್ಜಿ ಬಿದ್ದುಹೋಗಬಹುದು. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ ಮಾತ್ರ ವಿನಾಯಿತಿ ಇದೆ, ಎಲ್ಲ ಮೇಳಕ್ಕೂ ಅಲ್ಲ.

ಈಗ ನಿಮ್ಮ ಯಂತ್ರಕ್ಕೆ ಬರೋಣ. ಡ್ರಮ್ ಹಳೆಯದೇ, ಮೋಟಾರ್ ಹಳೆಯದೇ. ಕಬ್ಬಿಣದ ಹಲ್ಲು ಕಾಳನ್ನು ಒಡೆಯುತ್ತಿತ್ತು, ನೀವು ರಬ್ಬರ್ ಪಟ್ಟಿಗಳನ್ನು ಒಂದು ಓರೆಯಲ್ಲಿ ಜೋಡಿಸಿದಿರಿ, ಗೊಂಚಲಿನಿಂದ ಕಾಳು ಒಡೆಯದೆ ಬಿಡುತ್ತಿದೆ ಅಂತ ಇಟ್ಟುಕೊಳ್ಳಿ. ಪೇಟೆಂಟಿಗೆ ಮೂರು ಬೇಕು: ಜಗತ್ತಿನಲ್ಲಿ ಎಲ್ಲೂ ಮೊದಲು ಇರಬಾರದು, ಆ ಕೆಲಸ ಬಲ್ಲವರಿಗೆ ಸುಲಭಕ್ಕೆ ಹೊಳೆಯುವಂಥದ್ದಾಗಿರಬಾರದು, ತಯಾರಿಸಿ ಬಳಸುವಂತಿರಬೇಕು. ಗೊತ್ತಿರುವ ಭಾಗಗಳನ್ನು ಸುಮ್ನೆ ಬೇರೆ ಥರ ಜೋಡಿಸಿದರೆ ಅದು ಆವಿಷ್ಕಾರ ಅಲ್ಲ ಅಂತ ಕಲಂ 3ರಲ್ಲಿದೆ. ಹಾಗಾಗಿ ಆ ಓರೆ ಯಾಕೆ ಬೇಕಾಯಿತು, ಎಷ್ಟು ಡಿಗ್ರಿಯಲ್ಲಿ ಕಾಳು ಒಡೆಯುವುದು ನಿಂತಿತು, ಬೇರೆ ಓರೆಯಲ್ಲಿ ಏನಾಯಿತು ಅನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡಿ. ಅರ್ಜಿಯ ಬಲ ಅಲ್ಲೇ ಇರುವುದು.

ಪೂರ್ತಿ ತಯಾರಾಗಿಲ್ಲದಿದ್ದರೆ ತಾತ್ಕಾಲಿಕ ಅರ್ಜಿ ಹಾಕಿ ದಿನ ಹಿಡಿದಿಟ್ಟುಕೊಳ್ಳಬಹುದು. 12 ತಿಂಗಳೊಳಗೆ ಪೂರ್ಣ ವಿವರ ಕೊಡಬೇಕು. ವ್ಯಕ್ತಿಗೆ ಆನ್‌ಲೈನ್ ಅರ್ಜಿ ಶುಲ್ಕ ₹1,600, ಪರೀಕ್ಷೆಗೆ ಬೇರೆ ₹4,000. ಪರೀಕ್ಷೆ ಮಾಡಿ ಅಂತ ಕೋರುವ ಗಡುವು 2024ರ ನಿಯಮದಿಂದ 31 ತಿಂಗಳಿಗೆ ಇಳಿದಿದೆ. ಸಿಕ್ಕರೆ ಅರ್ಜಿ ಹಾಕಿದ ದಿನದಿಂದ 20 ವರ್ಷ, ಮೂರನೇ ವರ್ಷದಿಂದ ವಾರ್ಷಿಕ ಶುಲ್ಕ. ದೊಡ್ಡ ಖರ್ಚು ಇರುವುದು ವಿವರಣೆ ಬರೆಯುವ ಏಜೆಂಟರ ಫೀಸಿನಲ್ಲಿ. ಹಳ್ಳಿಯ ಆವಿಷ್ಕಾರಕರಿಗೆ ಗಾಂಧಿನಗರದ ನ್ಯಾಷನಲ್ ಇನ್ನೋವೇಶನ್ ಫೌಂಡೇಶನ್ ಪೇಟೆಂಟಿಗೆ ನೆರವಾಗುತ್ತದೆ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಿ ಕೆಎಸ್‌ಸಿಎಸ್‌ಟಿಯ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ಪೇಟೆಂಟ್ ಮಾಹಿತಿ ಕೇಂದ್ರವೂ ಇದೆ.

ಎಲ್ಲರಿಗೂ ಪೇಟೆಂಟ್ ಬೇಕು ಅಂತ ನಾನು ಹೇಳುವುದಿಲ್ಲ. ಸುತ್ತಮುತ್ತಲ ತೋಟಗಳಿಗೆ ಕೆಲವೇ ಯಂತ್ರ ಮಾಡಿಕೊಡುವ ಯೋಚನೆ ಇದ್ದರೆ ಒಳ್ಳೆಯ ಹೆಸರಿಟ್ಟು ಟ್ರೇಡ್‌ಮಾರ್ಕ್ ಮಾಡಿಸಿ, ಬೇಗ ಮಾರಾಟಕ್ಕಿಳಿಯಿರಿ. ಹೊರರೂಪ ಮಾತ್ರ ಹೊಸದಾಗಿದ್ದರೆ ಡಿಸೈನ್ ನೋಂದಣಿ ಸಾಕು, 10 ವರ್ಷ, ಮತ್ತೆ 5 ವರ್ಷ ವಿಸ್ತರಿಸಬಹುದು.

ನನ್ನ ತೋಟದಲ್ಲಿ ಬೇರೆಯೇ ಥರದ ಮೆಣಸಿನ ಬಳ್ಳಿ ಇದೆ. ಅದಕ್ಕೆ ಪೇಟೆಂಟ್?

ಗಿಡ, ಬಳ್ಳಿ, ಬೀಜ, ತಳಿಗೆ ಪೇಟೆಂಟ್ ಇಲ್ಲ. ಕೃಷಿ ವಿಧಾನಕ್ಕೂ ಇಲ್ಲ. ತಳಿಗೆ ಬೇರೆ ಕಾನೂನೇ ಇದೆ, 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ. ಮರ ಮತ್ತು ಬಳ್ಳಿಗಳಿಗೆ 18 ವರ್ಷ, ಉಳಿದ ಬೆಳೆಗಳಿಗೆ 15 ವರ್ಷ ರಕ್ಷಣೆ. ರೈತರು ತಮ್ಮ ತಳಿ ನೋಂದಾಯಿಸಲು ಶುಲ್ಕ ಕಟ್ಟಬೇಕಿಲ್ಲ. ಅಪ್ಪಂಗಳದ ಸಾಂಬಾರ ಬೆಳೆ ಸಂಶೋಧನಾ ಕೇಂದ್ರದವರಿಗೆ ಬಳ್ಳಿ ತೋರಿಸಿ. ಕಾಫಿ ಗಿಡವಾದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ. ಬೇರೆಯವರ ನೋಂದಾಯಿತ ತಳಿಯನ್ನು ಬೆಳೆದರೂ ಬೀಜ ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ನೆರೆಯವರಿಗೆ ಕೊಡುವ ಹಕ್ಕು ರೈತರಿಗೆ ಇದೆ. ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ.

ಕಾಚಂಪುಳಿಗೆ ಹೊರಗಿನವರು ಪೇಟೆಂಟ್ ತೆಗೆದುಕೊಂಡುಬಿಟ್ಟರೆ?

ಈ ಭಯ ಸುಳ್ಳಲ್ಲ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೇ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ಸಿಎಸ್‌ಐಆರ್ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ) ಹಳೆಯ ಗ್ರಂಥಗಳನ್ನು ಸಾಕ್ಷಿಯಾಗಿಟ್ಟು ಹೋರಾಡಿತು, 1997ರಲ್ಲಿ ಅದು ರದ್ದಾಯಿತು. ಆಮೇಲೆಯೇ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಶುರುವಾದದ್ದು.

ಭಾರತದಲ್ಲಿ ಸಾಂಪ್ರದಾಯಿಕ ಜ್ಞಾನಕ್ಕೆ ಪೇಟೆಂಟ್ ಕೊಡುವಂತಿಲ್ಲ. ಹಣ್ಣಿನ ರಸವನ್ನು ಕಪ್ಪಗಾಗುವವರೆಗೆ ಕುದಿಸಿ ಇಳಿಸುವ ನಮ್ಮ ಅಜ್ಜಿಯರ ವಿಧಾನ ಯಾರ ಪಾಲೂ ಆಗದು. ಆದರೆ ಯಾರಾದರೂ ಅದರಿಂದ ಒಂದು ಅಂಶ ಬೇರ್ಪಡಿಸಿ ನಿಜಕ್ಕೂ ಹೊಸ ಉತ್ಪನ್ನ ಮಾಡಿದರೆ ಅರ್ಜಿ ಹಾಕಬಹುದು. ಆಗ ಜೀವವೈವಿಧ್ಯ ಕಾಯ್ದೆಯ ನಿಯಮಗಳೂ ಅನ್ವಯಿಸುತ್ತವೆ. ನಾವು ಮಾಡಬಹುದಾದದ್ದು ದಾಖಲೆ. ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಿಮ್ಮ ಪಂಚಾಯಿತಿಯ ಪುಸ್ತಕದಲ್ಲಿ ಕಾಚಂಪುಳಿ ಇದೆಯಾ, ಮದ್ದು ಸೊಪ್ಪಿನ ಬಳಕೆ ಇದೆಯಾ ಅಂತ ಹೋಗಿ ನೋಡಿ. ಇಲ್ಲದಿದ್ದರೆ ಹಿರಿಯರನ್ನು ಕೇಳಿ ಸೇರಿಸಿ.

ಇಲ್ಲಿ ಮಾಡಿಸಿದ ನೋಂದಣಿ ದುಬೈನಲ್ಲಿ ನಡೆಯುತ್ತಾ?

ಟ್ರೇಡ್‌ಮಾರ್ಕ್, ಪೇಟೆಂಟ್ ಎರಡೂ ದೇಶದೊಳಗೆ ಮಾತ್ರ. ಭಾರತ 2013ರಲ್ಲಿ ಮ್ಯಾಡ್ರಿಡ್ ಒಪ್ಪಂದಕ್ಕೆ ಸೇರಿರುವುದರಿಂದ ಒಂದೇ ಅರ್ಜಿಯಲ್ಲಿ ಹಲವು ದೇಶಗಳಿಗೆ ಟ್ರೇಡ್‌ಮಾರ್ಕ್ ಕೋರಬಹುದು. ಕಾಪಿರೈಟಿಗೆ ಈ ತೊಂದರೆ ಕಡಿಮೆ, ಅಂತರರಾಷ್ಟ್ರೀಯ ಒಪ್ಪಂದಗಳ ಮೂಲಕ ಬಹುತೇಕ ದೇಶಗಳಲ್ಲಿ ಮಾನ್ಯತೆ ಇದೆ.

ಅರ್ಜಿ ಹಾಕಲು ಎಲ್ಲಿಗೆ ಹೋಗಬೇಕು?

ಎಲ್ಲಿಗೂ ಹೋಗಬೇಕಿಲ್ಲ, ಎಲ್ಲವೂ ಆನ್‌ಲೈನ್. ಕರ್ನಾಟಕದ ಟ್ರೇಡ್‌ಮಾರ್ಕ್ ಮತ್ತು ಪೇಟೆಂಟ್ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಟ್ರೇಡ್‌ಮಾರ್ಕ್, ಕಾಪಿರೈಟ್ ಅರ್ಜಿಗಳನ್ನು ಸ್ವಲ್ಪ ಓದಿಕೊಂಡರೆ ನೀವೇ ತುಂಬಬಹುದು. ಪೇಟೆಂಟಿಗೆ ಮಾತ್ರ ನೋಂದಾಯಿತ ಏಜೆಂಟರ ಸಹಾಯ ಪಡೆಯಿರಿ, ಹಕ್ಕಿನ ವ್ಯಾಪ್ತಿ ಬರೆಯುವ ಒಂದೇ ಸಾಲು ಸಡಿಲವಾದರೂ ಇಡೀ ಪೇಟೆಂಟ್ ಪೊಳ್ಳಾಗುತ್ತದೆ.

ಬೇರೆಯವರಿಂದ ಅರ್ಜಿ ಹಾಕಿಸಿದರೆ ಅರ್ಜಿ ಸಂಖ್ಯೆ ಮತ್ತು ಸರ್ಕಾರಿ ರಸೀದಿಯನ್ನು ಅವತ್ತೇ ಕೇಳಿ ಪಡೆಯಿರಿ. ಆ ಸಂಖ್ಯೆ ಹಾಕಿ ವೆಬ್‌ಸೈಟಿನಲ್ಲಿ ನೀವೇ ಸ್ಥಿತಿ ನೋಡಬಹುದು. ಅರ್ಜಿದಾರರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರೇ ಇದೆಯಾ, ಅರ್ಜಿ ಹಾಕಿಕೊಟ್ಟವರ ಹೆಸರಿದೆಯಾ ಅನ್ನುವುದನ್ನು ಮೊದಲು ನೋಡಿ. ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಸರ್ಕಾರಿ ನೋಟಿಸಿನಂತೆ ಕಾಣುವ ಪತ್ರ, ಇಮೇಲ್ ಬಂದು ಇನ್ನಷ್ಟು ದುಡ್ಡು ಕಟ್ಟಿ ಅಂದರೆ, ಕಟ್ಟುವ ಮೊದಲು ಅದೇ ವೆಬ್‌ಸೈಟಿನಲ್ಲಿ ನಿಮ್ಮ ಅರ್ಜಿಯ ಪುಟ ತೆರೆದು ಅಂಥ ಬೇಡಿಕೆ ಅಲ್ಲಿದೆಯಾ ಅಂತ ನೋಡಿ. ಅಲ್ಲಿ ಇಲ್ಲದಿದ್ದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ.